ಅಪ್ಪನ ಹತ್ತಿರ ಕೇಳಬಾರದ ಪ್ರಶ್ನೆ

ಕೂಳೂರು
೨೩ ನವೆಂಬರ್ ೨೦೨೫, ಭಾನುವಾರ

ಶೈಲೇಶ್,

‘ಪ್ರೀತಿಯ’ ಎಂದು ಬರೆಯಲು ಕೈ ಓಡಲಿಲ್ಲ. ‘ಮಾನ್ಯರೇ’ ಎಂದರೆ ನಳ್ಳಿಯಲ್ಲಿ ನೀರು ಬರಲಿಲ್ಲವೆಂದು ಬರೆದ ಅರ್ಜಿಯ ಹಾಗೆ ಆಗುತ್ತದೆ. ಹಾಗಾಗಿ ಬರೀ ಹೆಸರು. ಮನೆಯಲ್ಲಿ ನಾವು ತುಳುವಿನಲ್ಲಿ, ಏಕವಚನದಲ್ಲಿ ಜಗಳ ಆಡಿದವರು. ಕನ್ನಡದಲ್ಲಿ ಬರೆಯಲು ಕೂತಾಗ ‘ನೀವು’ ತಾನಾಗಿಯೇ ಬಂತು. ಇರಲಿ, ಇಷ್ಟು ದೂರ ಆದ ಮೇಲೆ ಅದೇ ಸರಿ.

ವಾಟ್ಸಪ್ಪಿನಲ್ಲಿ ಯಾಕೆ ಕಳಿಸಲಿಲ್ಲ ಎಂದು ಕೇಳಬೇಡಿ. ಅಲ್ಲಿ ಬರೆದದ್ದು ನಾಳೆ ಯಾರದೋ ಫೈಲಿನಲ್ಲಿ ಪ್ರಿಂಟ್ ಆಗಿ ಕೂರುತ್ತದೆ. ಇದನ್ನು ನಿಮ್ಮ ತಂಗಿ ವಿನಿತಾಳ ಕೈಗೆ ಕೊಡುತ್ತೇನೆ. ಕೊಟ್ಟಾರದಲ್ಲಿ ನಾವಿಬ್ಬರೂ ಈಗಲೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡುತ್ತೇವೆ. ಲಿಫ್ಟಿನಲ್ಲಿ ಸಿಕ್ಕಿದರೆ ಅವಳು ನೆಲ ನೋಡುತ್ತಾಳೆ, ನಾನು ಛಾವಣಿ ನೋಡುತ್ತೇನೆ. ಆದರೂ ಕಳೆದ ವಾರ ಅವಳೇ ನನ್ನನ್ನು ನಿಲ್ಲಿಸಿ ಒಂದು ಮಾತು ಹೇಳಿದಳು. ಆ ಮಾತಿಗಾಗಿಯೇ ಈ ಪತ್ರ. ಯಾವ ಪುಸ್ತಕ ಸಿಕ್ಕಿದರೂ ಕೊನೆಯ ಪುಟ ಮೊದಲು ತಿರುವಿ ನೋಡುವ ಬುದ್ಧಿ ನಿಮ್ಮದು. ಇದೊಂದನ್ನು ದಯವಿಟ್ಟು ಮೊದಲಿನಿಂದ ಓದಿ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನಾನು ಸ್ಕೂಬಾ ಕಲಿತೆ. ಹೌದು, ನಾನೇ. ಮೊದಲ ಹಂತದ ಸರ್ಟಿಫಿಕೇಟು ಬಂದಿದೆ, ನನ್ನ ಫೋಟೋ ಇರುವ ಕಾರ್ಡು. ಮದುವೆಯಾದ ಹೊಸದರಲ್ಲಿ ನೀವು ಎಷ್ಟು ಸಲ ಕರೆದಿರಿ. ನೀರಿನ ಬದಿಯಲ್ಲೇ ಹುಟ್ಟಿ ಬೆಳೆದವಳಿಗೆ ಗದ್ದೆ ಮನೆಯವರು ಎಂತ ಕಲಿಸುವುದು ಎಂದು ನಾನು ನಗಾಡುತ್ತಿದ್ದೆ. ನಿಮ್ಮ ಅಪ್ಪ ಪೂವಪ್ಪ ಮಾಮನೂ ನನ್ನ ಜೊತೆ ಸೇರಿ ನಗುತ್ತಿದ್ದರು. ಒಮಾನಿಗೆ ಹೋದವರೆಲ್ಲ ಚಿನ್ನ ತಂದರೆ ನಮ್ಮವನು ನೀರಿನಲ್ಲಿ ಮುಳುಗಲು ಕಲಿತು ಬಂದ ಎನ್ನುತ್ತಿದ್ದರು. ಆ ನಗು ಈಗ ಯಾರ ಮನೆಯಲ್ಲೂ ಇಲ್ಲ.

ಕಲಿಯುವ ಆಸೆಯಿಂದ ಹೋದವಳಲ್ಲ ನಾನು. ನಿಮ್ಮ ತಪ್ಪು ಹುಡುಕಲು ಹೋದವಳು. ನೀವು ಏನನ್ನು ಕಲಿಸದೆ ಬಿಟ್ಟಿರಿ, ಎಲ್ಲಿ ಕೈ ತಪ್ಪಿದಿರಿ ಎಂದು ನನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಮನೆಯಲ್ಲಿ ಆಫೀಸಿನ ಟ್ರೈನಿಂಗ್ ಎಂದು ಸುಳ್ಳು ಹೇಳಿ ಗೋವಾಕ್ಕೆ ಹೋದೆ. ನನ್ನ ತಮ್ಮ ಇದೇ ಕೋರ್ಸಿನಲ್ಲಿ ಸತ್ತವನು ಎಂದು ಅಲ್ಲಿಯೂ ಯಾರಿಗೂ ಹೇಳಲಿಲ್ಲ.

ತಮ್ಮ ಧನರಾಜ್ ನಿಮ್ಮ ಡೈವಿಂಗ್ ಶಾಲೆಯಲ್ಲಿ ಯಾಕೆ ಕಲಿಯಲು ಹೊರಟ ಎಂದು ನಿಮಗೆ ಅರ್ಧ ಗೊತ್ತು. ಕೆಲಸಕ್ಕಾಗಿ ಎಂದು ನಿಮ್ಮ ಹತ್ತಿರ ಹೇಳಿದ್ದ. ಇನ್ನರ್ಧ ನನಗೆ ಹೇಳಿದ್ದ. ಅಪ್ಪನ ಕೆಲಸ ನಿಮಗೆ ಗೊತ್ತಲ್ಲ. ಮೀನುಗಾರರ ದಕ್ಕೆಯಲ್ಲಿ ಬೋಟಿನಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಮುಳುಗಿ ಕತ್ತರಿಸಿ ಬಿಡಿಸುವುದು. ಕೂಳೂರು ಸಂಕದಿಂದ ಯಾರಾದರೂ ಹೊಳೆಗೆ ಹಾರಿದರೆ ಪೊಲೀಸರು ಫೋನ್ ಮಾಡುವುದೂ ಊರಿಗೆಲ್ಲ ಗಿರಿಯಪ್ಪಣ್ಣ ಆದ ಅಪ್ಪನಿಗೇ. ಇಷ್ಟಕ್ಕೂ ಅಪ್ಪನ ಹತ್ತಿರ ಇರುವುದು ಎದೆಯೊಳಗೆ ಹಿಡಿದ ಒಂದು ಉಸಿರು ಮಾತ್ರ. ಆ ಉಸಿರು ಮುಗಿಯುವುದರೊಳಗೆ ಕೆಸರಿನಲ್ಲಿ ಕೈಯಾಡಿಸಿ ಹುಡುಕಬೇಕು, ಸಿಗದಿದ್ದರೆ ಮೇಲೆ ಬಂದು ಮತ್ತೆ ಮುಳುಗಬೇಕು. ಒಂದು ಮಳೆಗಾಲದಲ್ಲಿ ಒಬ್ಬಳು ತಾಯಿ ಮಗುವನ್ನು ಎತ್ತಿಕೊಂಡು ಹಾರಿದ್ದಳು. ತಾಯಿ ಸಿಕ್ಕಿದಳು, ಮಗು ಸಿಗಲಿಲ್ಲ. ಸಿಲಿಂಡರ್ ಇದ್ದಿದ್ದರೆ ಮಗುವನ್ನೂ ಹುಡುಕಬಹುದಿತ್ತು ಅಕ್ಕ ಎಂದು ಧನು ಆವತ್ತು ಊಟ ಬಿಟ್ಟು ಎದ್ದಿದ್ದ. ಅದಕ್ಕೆ ಅವನಿಗೆ ಆ ಕಾರ್ಡು ಬೇಕಾಗಿತ್ತು.

ಕಳೆದ ವರ್ಷ ಫೆಬ್ರವರಿಯಲ್ಲಿ ಕಾಪುವಿನ ಆಚೆಯ ಕಡಲಿನಲ್ಲಿ, ಕೋರ್ಸಿನ ಕೊನೆಯ ದಿನ, ಅವನು ಹೋದ. ನಮ್ಮ ಅಂಗಳದಿಂದ ಅದು ಹೇಗೆ ಕಂಡಿತು ಎಂದು ನಿಮಗೆ ಗೊತ್ತಿಲ್ಲ. ಬೆಳಗ್ಗೆ ಚಪಾತಿ ಕಟ್ಟಿಕೊಂಡು ಬೈಕಿನಲ್ಲಿ ಹೋದ ಹುಡುಗ ಸಂಜೆ ಆಂಬುಲೆನ್ಸಿನಲ್ಲಿ ಬಂದ. ಬಾಯಿಯ ಬದಿಯಲ್ಲಿ ರಕ್ತದ ನೊರೆ ಒಣಗಿತ್ತು. ಅಮ್ಮ ಸೆರಗಿನಿಂದ ಒರೆಸಿ ಒರೆಸಿ ಅವನ ಕೆನ್ನೆ ಕೆಂಪು ಮಾಡಿದಳು. ಎಷ್ಟೋ ಹೆಣಗಳನ್ನು ಹೊಳೆಯಿಂದ ಎತ್ತಿ ಅವರವರ ಮನೆಯವರ ಕೈಗೆ ಕೊಟ್ಟ ಅಪ್ಪನಿಗೆ ಮಗನನ್ನು ಹೇಗೆ ಹಿಡಿಯುವುದೆಂದು ತಿಳಿಯಲಿಲ್ಲ. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ನೀವು ಏನೋ ಹೇಳಲು ಬಂದಿರಿ, ನಮ್ಮವರು ನಿಮ್ಮನ್ನು ದೂಡಿ ಹೊರಗೆ ಹಾಕಿದರು. ನಾನು ನೋಡುತ್ತಾ ನಿಂತಿದ್ದೆ. ಆಮೇಲೆ ಈ ತವರಿನಲ್ಲೇ ಉಳಿದೆ, ನಿಮ್ಮ ಮನೆಗೆ ಕಾಲಿಡಲಿಲ್ಲ.

ಸಿಲಿಂಡರಿನ ಗಾಳಿ ಹಾಳಾಗಿತ್ತು ಎನ್ನುವುದು ಅಪ್ಪನ ಮಾತು. ಶ್ವಾಸಕೋಶ ಹರಿದಿದೆ ಎಂದು ಪೋಸ್ಟ್ ಮಾರ್ಟಮ್ ಮಾಡಿದ ಡಾಕ್ಟರು ಬರೆದದ್ದನ್ನು ನಾನು ಓದಿ ಹೇಳಿದಾಗ, ಒಳ್ಳೆಯ ಗಾಳಿಗೆ ಎದೆ ಹರಿಯುತ್ತದಾ ಎಂದು ಕೇಳಿದರು. ಗಾಳಿಯೇ ಹಾಳು ಎನ್ನಲು ಅಪ್ಪ ಕೊಡುವ ಸಾಕ್ಷಿಯೂ ಒಂದು ಉಂಟು. ಮಾತಾಡಿಸಲು ಬಂದವರಿಗೆ, ಪೊಲೀಸರಿಗೆ, ಮೀನು ಮಾರ್ಕೆಟಿನಲ್ಲಿ ಸಿಕ್ಕಿದವರಿಗೆ ಎಲ್ಲರಿಗೂ ಅದನ್ನೇ ಹೇಳುತ್ತಾರೆ, ಉಸಿರು ಹಿಡಿದವ ನೀರು ಕುಡಿದು ಸಾಯುವುದಿಲ್ಲ ಎಂಬುದು ಅವರ ಲೆಕ್ಕ.

“ನನ್ನ ಮಗ ನೀರಿನಡಿ ಉಸಿರು ಬಿಡುವವ ಅಲ್ಲ. ಎಂತ ಆದ್ರೂ ಉಸಿರು ಬಿಡ್ಬೇಡ ಅಂತ ನಾನೇ ಹೇಳಿ ಕಳಿಸಿದ್ದೇನೆ.”

ಅದು ನಿಜ. ಅವತ್ತು ಬೆಳಗ್ಗೆ ಧನು ಬೈಕಿಗೆ ಕಿಕ್ ಹೊಡೆಯುವಾಗ ಅಪ್ಪ ಅಂಗಳದಲ್ಲಿ ನಿಂತು ಹೇಳಿದ್ದು ಅದನ್ನೇ. ನಮ್ಮ ಮನೆಯಲ್ಲಿ ಅದು ಹೊಸ ಮಾತೂ ಅಲ್ಲ. ಬೇರೆ ಮಕ್ಕಳಿಗೆ ಶ್ಲೋಕ ಕಲಿಸಿದ ಹಾಗೆ ನಮಗಿಬ್ಬರಿಗೂ ಅಪ್ಪ ಅದನ್ನು ಕಲಿಸಿದ್ದರು. ನೀರು ಇಳಿದಾಗ ಮರುವಾಯಿ ಚಿಪ್ಪು ಹೆಕ್ಕಲು ಹೊಳೆಗೆ ಕರೆದುಕೊಂಡು ಹೋಗಿ, ತಲೆ ಹಿಡಿದು ಮುಳುಗಿಸಿ, ಯಾರು ಹೆಚ್ಚು ಹೊತ್ತು ಬಾಯಿ ಮುಚ್ಚಿ ಇರುತ್ತಾರೆ ಎಂದು ನೋಡುತ್ತಿದ್ದರು. ಬಾಯಿ ಬಿಟ್ಟು ಮೇಲೆ ಬಂದವರಿಗೆ ತಲೆಗೊಂದು ಮೊಟಕು, ಮುಚ್ಚಿಕೊಂಡು ಬಂದವರಿಗೆ ಸಂಜೆ ಗೋಳಿಬಜೆ. ಧನುವೇ ಯಾವಾಗಲೂ ಗೆಲ್ಲುತ್ತಿದ್ದ.

ಗೋವಾದಲ್ಲಿ ನನಗೆ ಸಿಕ್ಕಿದ ಗುರುವಿನ ಹೆಸರು ಅಪೊಲೋನಿಯಾ. ದಪ್ಪ ಹೆಂಗಸು, ನೆಲದ ಮೇಲೆ ಬಾತುಕೋಳಿಯ ಹಾಗೆ ನಡೆಯುತ್ತಾರೆ, ನೀರಿಗಿಳಿದರೆ ಕಣ್ಣು ಕೀಳಲು ಆಗುವುದಿಲ್ಲ. ಕೊಂಕಣಿಯಲ್ಲಿ ಬೈದರೆ ಮೈ ಒರೆಸಿಕೊಳ್ಳಬೇಕು. ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟರು. ಬೇರೆ ಎಲ್ಲ ಮರೆತರೂ ಇದನ್ನು ಮರೆಯಬಾರದು, ಸಿಲಿಂಡರಿನ ಗಾಳಿ ಎಳೆದವರು ಉಸಿರು ಹಿಡಿಯಲೇಬಾರದು. ಅಡಿಯಲ್ಲಿ ನೀರಿನ ಭಾರಕ್ಕೆ ಅದುಮಿಕೊಂಡ ಗಾಳಿ ಮೇಲೆ ಬರುತ್ತಾ ಬಂದ ಹಾಗೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬುತ್ತದೆ. ಬಾಯಿ ಮುಚ್ಚಿದ್ದರೆ ಅದಕ್ಕೆ ಹೋಗಲು ದಾರಿ ಇಲ್ಲ, ಎದೆಯನ್ನು ಹರಿಯುತ್ತದೆ. ಆಗಲೇ ನನಗೆ ಅಪ್ಪ ಅಂಗಳದಲ್ಲಿ ಹೇಳಿದ ಮಾತು ನೆನಪಾಯಿತು. ಆದರೂ ನಾನು ಹಟದವಳು. ಧನುವಿಗೆ ನೀವು ಇದನ್ನು ಹೇಳಿಕೊಟ್ಟಿರಲಿಕ್ಕಿಲ್ಲ ಎಂದೇ ನಂಬಿದೆ.

ಹಾಗೆ ನಂಬಲು ಎಷ್ಟು ಕಷ್ಟಪಟ್ಟೆ ನೋಡಿ. ಯಾಕೆಂದರೆ ಧನು ಪರೀಕ್ಷೆಗೆ ಓದುವಾಗ ಪ್ರಶ್ನೆ ಕೇಳಿದವಳು ನಾನೇ. ಆ ನಿಯಮವನ್ನು ಅವನು ಗಿಳಿಯ ಹಾಗೆ ಒಪ್ಪಿಸಿದ್ದ. ಅಪ್ಪನಿಗೆ ಹೇಳಬೇಡ, ನಗಾಡಿಯಾರು ಎಂದೂ ಹೇಳಿದ್ದ. ಅದನ್ನೆಲ್ಲ ನಾನು ತಲೆಯ ಹಿಂದಕ್ಕೆ ದೂಡಿದ್ದೆ. ನಿಮ್ಮ ಮೇಲೆ ಸಿಟ್ಟು ಮಾಡಲು ಅಷ್ಟು ಜಾಗ ಬೇಕಿತ್ತು.

ಈಜುಕೊಳದಲ್ಲಿ ಎಲ್ಲ ಸಲೀಸು. ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವುದು, ಗಾಳಿ ಬರುವ ನಳಿಗೆಯನ್ನು ಬಾಯಿಯಿಂದ ತೆಗೆದು ಮತ್ತೆ ಕಚ್ಚುವುದು, ಕೈಸನ್ನೆಗಳು. ಒಂದು ಪಾಠ ಮಾತ್ರ ನನಗೆ ಬರಲಿಲ್ಲ. ಗಾಳಿ ಮುಗಿದಿದೆ ಎಂದುಕೊಂಡು ‘ಆ’ ಎಂದು ಸ್ವರ ಎಳೆಯುತ್ತಾ, ಇಡೀ ದಾರಿ ಉಸಿರು ಬಿಡುತ್ತಾ ಈಜಬೇಕು. ನಾನು ಸ್ವರ ತೆಗೆಯುತ್ತೇನೆ, ಎರಡು ಮೊಳ ಹೋಗುವುದರೊಳಗೆ ತುಟಿ ತಾನಾಗಿ ಅಂಟಿಕೊಳ್ಳುತ್ತದೆ. ಅಪೊಲೋನಿಯಾ ಮತ್ತೆ ಮತ್ತೆ ಮಾಡಿಸಿದರು. ಯಾರು ನಿನಗೆ ಬಾಯಿ ಮುಚ್ಚಲು ಕಲಿಸಿದ್ದು ಎಂದು ಬೈದರು.

ಆಮೇಲೆ ಕಡಲು. ಅಡಿಯಲ್ಲಿ ಮರಳಿನ ಮೇಲೆ ಮೊಣಕಾಲೂರಿ ಕೂತಿದ್ದೆವು. ಪಕ್ಕದ ಹುಡುಗಿ ತಿರುಗುವಾಗ ಅವಳ ಕಾಲಿನ ರಬ್ಬರ್ ರೆಕ್ಕೆ ನನ್ನ ಮುಖಕ್ಕೆ ಬಡಿದು ಮಾಸ್ಕ್ ಕಳಚಿತು. ಮೂಗಿಗೆ ಉಪ್ಪುನೀರು, ಕಣ್ಣಿಗೆ ಏನೂ ಕಾಣುವುದಿಲ್ಲ. ಕೊಳದಲ್ಲಿ ಇದನ್ನೇ ಮಾಡಿ ಶಭಾಸ್ ಅನಿಸಿಕೊಂಡವಳು ನಾನು. ಆದರೆ ಆ ಗಳಿಗೆಯಲ್ಲಿ ಕಲಿತ ದೀಕ್ಷಿತಾ ಇರಲಿಲ್ಲ, ಹೊಳೆಯ ದೀಕ್ಷಿತಾ ಇದ್ದಳು. ನೆಲಕ್ಕೆ ಒದ್ದು ಮೇಲಕ್ಕೆ ಹಾರಿದೆ, ಬಾಯಿ ಮುಚ್ಚಿಕೊಂಡು. ಮುಚ್ಚಬೇಕೆಂದು ಯೋಚಿಸಿ ಮುಚ್ಚಿದ್ದಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದಕ್ಕೆ ಬರುತ್ತದಲ್ಲ, ಹಾಗೆ. ಯಾರೋ ನನ್ನ ಬೆಲ್ಟು ಹಿಡಿದು ಜಗ್ಗಿದರು. ಎದೆಯ ಕೆಳಗೆ ಗಟ್ಟಿಯಾದ ಅಂಗೈ ಒತ್ತಿತು, ಗಂಟಲು ಬಿಟ್ಟುಕೊಂಡಿತು, ಗುಳ್ಳೆಗಳು ಹೋದವು. ಅಪೊಲೋನಿಯಾ ನನ್ನ ಪಕ್ಕದಲ್ಲೇ ಇದ್ದದ್ದರಿಂದ ಬದುಕಿದೆ. ಅವರು ಇನ್ನೊಬ್ಬರ ಕಡೆ ತಿರುಗಿದ್ದಿದ್ದರೆ ನಾನೂ ನೊರೆ ಕಾರಿಕೊಂಡು ಮನೆಗೆ ಬರುತ್ತಿದ್ದೆ.

ನೀವು ಇನ್ನೊಬ್ಬರ ಕಡೆ ತಿರುಗಿದ್ದಿರಿ. ಇಜಾಝ್ ಎನ್ನುವ ಹುಡುಗನ ಮಾಸ್ಕಿಗೆ ನೀರು ತುಂಬಿ ಅವನು ಒದ್ದಾಡುತ್ತಿದ್ದ, ನೀವು ಅವನನ್ನು ಹಿಡಿದುಕೊಂಡಿದ್ದಿರಿ. ಅಷ್ಟರಲ್ಲಿ ಧನುವಿಗೆ ಏನಾಯಿತೋ, ಅವನು ಮೇಲಕ್ಕೆ ಹಾರಿದ. ‘ಅವನ ಕಾಲು ಹಿಡಿದೆ, ಒದ್ದು ಬಿಡಿಸಿಕೊಂಡ, ಹೋಗುವಾಗ ಅವನ ಬಾಯಿಯಿಂದ ಒಂದು ಗುಳ್ಳೆಯೂ ಬರಲಿಲ್ಲ’ ಎಂದು ನೀವು ಪೊಲೀಸರಿಗೆ ಹೇಳಿದಿರಿ. ಆ ಗುಳ್ಳೆಯ ಮಾತು ಕೇಳಿದಾಗ ನಾನು ಹೇಸಿಗೆ ಪಟ್ಟಿದ್ದೆ. ಸತ್ತವನ ಮೇಲೆ ತಪ್ಪು ಹೊರಿಸುತ್ತಾನೆ ನೋಡು ಎಂದು ಅಮ್ಮನಿಗೆ ಹೇಳಿದ್ದೆ. ಅದು ನಿಜ ಎಂದು ಈಗ ನನ್ನ ಎದೆಗೇ ಗೊತ್ತು. ನೀವು ಸರಿಯಾಗಿ ಕಲಿಸಿದ್ದಿರಿ, ಧನು ಸರಿಯಾಗಿ ಕಲಿತಿದ್ದ. ಆ ಕಲಿಕೆಗಿಂತ ಅಪ್ಪನ ಕಲಿಕೆ ಹಳೆಯದು, ಅಷ್ಟೇ. ಅಪ್ಪ ಮೇಲಿನಿಂದ ಒಯ್ದ ಉಸಿರನ್ನೇ ಮೇಲಕ್ಕೆ ತರುವವರು. ಆ ಗಾಳಿ ಎದೆಯ ಅಳತೆ ಮೀರಿ ಉಬ್ಬುವುದಿಲ್ಲ, ಅವರಿಗೆ ಅವರ ಮಾತು ಸರಿ. ಜೀವಮಾನವಿಡೀ ಅವರನ್ನು ಬದುಕಿಸಿದ ಮಾತು ಅದು.

ಈಗ ವಿನಿತಾ ಹೇಳಿದ್ದಕ್ಕೆ ಬರುತ್ತೇನೆ. ನಿಮ್ಮ ಮೇಲೆ ಅಪ್ಪ ಹಾಕಿದ ಕೇಸಿನಲ್ಲಿ ಬರುವ ತಿಂಗಳು ಉಡುಪಿ ಕೋರ್ಟಿನಲ್ಲಿ ಅವರ ಸಾಕ್ಷಿ. ನಿಮ್ಮ ವಕೀಲರು ಅಪ್ಪನನ್ನು ಕೇಳುವುದು ಮುಖ್ಯವಾಗಿ ಒಂದೇ ಪ್ರಶ್ನೆಯಂತೆ. ಉಸಿರು ಬಿಡಬೇಡ ಎಂದು ಮಗನಿಗೆ ಹೇಳಿ ಕಳಿಸಿದ್ದು ನೀವೇ ಹೌದಾ? ಅಪ್ಪ ಎದೆಯುಬ್ಬಿಸಿ ಹೌದು ಎನ್ನುತ್ತಾರೆ. ಆಮೇಲೆ ವಕೀಲರು ನಿಯಮದ ಪುಸ್ತಕ ತೆರೆದು ತೋರಿಸುತ್ತಾರೆ, ಡಾಕ್ಟರನ್ನು ಕರೆಸುತ್ತಾರೆ. ಅಲ್ಲಿಗೆ ನೀವು ಬಚಾವ್.

ಆ ಪ್ರಶ್ನೆ ಕೇಳಿಸಬೇಡಿ.

ನಾನು ಎಂತ ಕೇಳುತ್ತಿದ್ದೇನೆ ಎಂದು ನನಗೆ ಗೊತ್ತುಂಟು. ಆ ಪ್ರಶ್ನೆ ಇಲ್ಲದಿದ್ದರೆ ನಿಮಗೆ ಶಿಕ್ಷೆ ಆದರೂ ಆಗಬಹುದು. ನಿಮ್ಮ ಶಾಲೆ ಬಾಗಿಲು ಹಾಕಿಯಾಗಿದೆ, ಅದು ಇನ್ನು ತೆರೆಯಲಿಕ್ಕಿಲ್ಲ. ನಿಮ್ಮ ಅಮ್ಮ ಕುಶಲಾ ಮಾಮಿ ನನಗೆ ಶಾಪ ಹಾಕುತ್ತಾರೆ, ಹಾಕಲಿ. ಇದು ನ್ಯಾಯ ಎಂದು ನಾನು ಹೇಳುವುದಿಲ್ಲ, ಅನ್ಯಾಯವೇ. ಆದರೆ ತಪ್ಪು ನಿಮ್ಮದಲ್ಲ ಎಂದು ನಿಮಗೆ ಗೊತ್ತುಂಟು, ನನಗೂ ಗೊತ್ತುಂಟು ಎಂದು ಇವತ್ತು ತಿಳಿಯಿತು. ಮಾಡದ ತಪ್ಪು ಹೊತ್ತವನು ಎಲ್ಲಿದ್ದರೂ ಹೇಗೋ ಬದುಕಿಯಾನು. ತಮ್ಮ ಮಾತಿನಿಂದಲೇ ಮಗ ಹೋದ ಎಂದು ಅಪ್ಪನಿಗೆ ಗೊತ್ತಾದರೆ ಅವರು ಬದುಕುವುದಿಲ್ಲ. ಹೊಳೆ ನಮ್ಮ ಹಿತ್ತಲಿಗೇ ತಾಗಿಕೊಂಡು ಹರಿಯುತ್ತದೆ. ಯಾರೂ ಮೇಲೆ ತರಲಾಗದ ಜಾಗ ಎಲ್ಲೆಲ್ಲಿ ಉಂಟು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಈ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ಅಮ್ಮ ಧನುವಿನ ಎಲೆಗೆ ಮರುವಾಯಿ ಸುಕ್ಕ ಹಾಕಿದ್ದಳು. ಅಪ್ಪ ಆ ಎಲೆಯ ಎದುರು ಕೂತು, ಕೇಸು ಗೆದ್ದೇ ಗೆಲ್ಲುತ್ತೇನೆ ಮಗಾ ಎಂದು ಮಾತು ಕೊಟ್ಟರು. ಅವರು ಬೆಳಗ್ಗೆ ಹಾಸಿಗೆಯಿಂದ ಏಳುವುದು ಅದೊಂದಕ್ಕಾಗಿ. ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ.

ಕೊಡಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ನೀವು ಒಪ್ಪಿದರೆ ನಾನು ನಿಮ್ಮ ಕೊಡಿಯಾಲ್‌ಬೈಲಿನ ಮನೆಗೆ ವಾಪಸ್ ಬರುತ್ತೇನೆ. ಊರು ಏನಾದರೂ ಆಡಿಕೊಳ್ಳಲಿ. ನೀವು ಒಳಗೆ ಹೋಗಬೇಕಾಗಿ ಬಂದರೆ ಹೊರಗೆ ಕಾಯುತ್ತೇನೆ. ಇದು ವ್ಯಾಪಾರದ ಹಾಗೆ ಕೇಳುತ್ತದೆ, ವ್ಯಾಪಾರವೇ ಇರಬಹುದು. ಆದರೆ ಬರುವ ಆಸೆ ಸುಳ್ಳಲ್ಲ. ನಿಮ್ಮನ್ನು ದ್ವೇಷಿಸಲು ನಾನು ತುಂಬಾ ಪ್ರಯತ್ನಪಟ್ಟೆ, ಅದಕ್ಕಾಗಿ ಕಡಲಿಗೂ ಇಳಿದೆ. ಆಗಲಿಲ್ಲ.

ಒಪ್ಪುವುದಾದರೆ ವಿನಿತಾಳ ಹತ್ತಿರ ಹೂಂ ಎಂದು ಹೇಳಿ ಕಳಿಸಿ. ಬೇರೇನೂ ಬೇಡ.

ಇನ್ನೂ ನಿಮ್ಮವಳೇ ಆಗಿರುವ,
ದೀಕ್ಷಿತಾ

ಮರೆತ ಮಾತಲ್ಲ, ಆಮೇಲೆ ನಡೆದದ್ದು. ಸೋಮವಾರ ಸಂಜೆ ಬರೆಯುತ್ತಿದ್ದೇನೆ.

ವಿನಿತಾ ಇವತ್ತು ರಜೆ, ಪತ್ರ ನನ್ನ ಬ್ಯಾಗಿನಲ್ಲೇ ಉಳಿಯಿತು. ಮೇಲೆ ಬರೆದದ್ದು ಈಗ ಯಾವುದಕ್ಕೂ ಬೇಡ. ಆದರೂ ಹರಿಯಲಿಲ್ಲ. ನಾನು ನಿಮ್ಮನ್ನು ಎಂಥದ್ದು ಕೇಳಲು ಹೊರಟಿದ್ದೆ ಎಂದು ನಿಮಗೆ ಗೊತ್ತಿರಬೇಕು.

ಮಧ್ಯಾಹ್ನ ಸಂಕದ ಮೇಲೆ ಯಾರದೋ ಸ್ಕೂಟರ್ ಸಿಕ್ಕಿತಂತೆ. ಅಪ್ಪನಿಗೆ ಫೋನ್ ಬಂತು. ಅವರು ಹೋಗುವಾಗ ಅಗ್ನಿಶಾಮಕದವರು ಸಿಲಿಂಡರ್ ಸಮೇತ ಬಂದಾಗಿತ್ತು. ನೀವು ಇವತ್ತು ಕೂತುಕೊಳ್ಳಿ ಗಿರಿಯಪ್ಪಣ್ಣ ಎಂದು ಅವರ ಡೈವರ್ ಇಸಿದೋರ್ ಹೇಳಿದನಂತೆ. ಅಪ್ಪ ದಡದಲ್ಲಿ ಕೂತು ಅವನ ಗುಳ್ಳೆಗಳನ್ನೇ ನೋಡಿದ್ದಾರೆ. ಮೇಲೆ ಬರುವಾಗಲೂ ಗುಳ್ಳೆ ಬರುತ್ತಲೇ ಇತ್ತು. ಸುಮ್ಮನೆ ಯಾಕೆ ಉಸಿರು ಹಾಳು ಮಾಡ್ತಿ ಮಾರಾಯ ಎಂದು ಕೇಳಿದ್ದಾರೆ. ಹಿಡಿದರೆ ಎದೆ ಒಡೆಯುತ್ತದೆ ಅಣ್ಣ, ನಮಗೆ ಮೊದಲು ಕಲಿಸುವುದೇ ಅದು ಎಂದು ಅವನು ಹೇಳಿದ್ದಾನೆ. ಅವನು ಈಚೆಗೆ ಈ ಊರಿಗೆ ಬಂದವನು, ಪಾಪ, ಅವನಿಗೆ ನಮ್ಮ ಧನುವಿನ ವಿಷಯ ಗೊತ್ತಿಲ್ಲ.

ನಾನು ಆಫೀಸಿನಿಂದ ಬರುವಾಗ ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಹೊಳೆಯ ಕೆಲಸದಿಂದ ಬಂದರೆ ಮೀಯದೆ ಒಳಗೆ ಬರುವ ಕ್ರಮ ಇಲ್ಲ, ಮಿಂದಿರಲಿಲ್ಲ. ಇಸಿದೋರ್ ಹೇಳಿದ್ದನ್ನೆಲ್ಲ ಹೇಳಿ ನನ್ನ ಮುಖ ನೋಡಿದರು.

“ಧನುವಿಗೂ ಅದನ್ನು ಕಲಿಸಿದ್ರಾ?”

ಹೌದು ಎಂದೆ. ಸುಳ್ಳು ಹೇಳಲು ಬಾಯಿ ತೆರೆದಿದ್ದೆ, ಬರಲಿಲ್ಲ.

“ಆದ್ರೂ ಅವ ಬಿಡ್ಲಿಲ್ಲ. ನಾನು ಹೇಳಿದ್ದಕ್ಕೆ.”

ಅಪ್ಪ ತಮ್ಮ ಕೈಗಳನ್ನು ನೋಡುತ್ತಾ ಕೂತರು.

“ಹುಟ್ಟಿದ ಮೇಲೆ ನನ್ನ ಒಂದು ಮಾತು ಕೇಳಿದವ ಅಲ್ಲ ಅವ. ಅದೊಂದು ಕೇಳಿದ.”

ಹಿಂದೆ ಅಮ್ಮ ಬಿಸಿನೀರಿನ ಬಾಲ್ದಿ ಹಿಡಿದು ನಿಂತಿದ್ದಳು. ಎಷ್ಟು ಕೇಳಿದಳೋ ಗೊತ್ತಿಲ್ಲ, ಎಲ್ಲ ಕೇಳಿರಬೇಕು. ಬಾಲ್ದಿ ಕೆಳಗಿಟ್ಟು, ಅಂಗಿ ತೆಗೆಯದೆ ಕೂತಿದ್ದ ಅಪ್ಪನ ತಲೆಗೆ ಚೊಂಬಿನಿಂದ ನೀರು ಹೊಯ್ದಳು. ಬಾಲ್ದಿ ಖಾಲಿ ಆಗುವವರೆಗೆ ಹೊಯ್ದಳು. ಅಪ್ಪ ಆ ನೀರಿನಡಿಯಲ್ಲಿ ಅತ್ತರು.

ಕೋರ್ಟಿನಲ್ಲಿ ವಕೀಲರು ಕೇಳಲಿ, ಕೇಳದಿದ್ದರೆ ತಾನೇ ಹೇಳುತ್ತೇನೆ ಎಂದಿದ್ದಾರೆ. ನಿಮ್ಮನ್ನು ಕರೆಯಲೂ ಹೇಳಿದ್ದಾರೆ. ಮೇಲೆ ಬಂದ ಮೇಲೆ ಧನು ಏನಾದರೂ ಹೇಳಿದನಾ ಎಂದು ನಿಮ್ಮ ಹತ್ತಿರ ಕೇಳಬೇಕಂತೆ. ಇಷ್ಟು ದಿನ ನಮ್ಮ ಮನೆಯಲ್ಲಿ ಯಾರೂ ನಿಮ್ಮನ್ನು ಅದನ್ನು ಕೇಳಲೇ ಇಲ್ಲ.

ಏನಾದರೂ ಹೇಳಿದ್ದರೆ ಬನ್ನಿ. ಏನೂ ಹೇಳದೆ ಹೋಗಿದ್ದರೂ ಬನ್ನಿ. ಇವತ್ತು ಹಿತ್ತಲ ಬಾಗಿಲು ಹಾಕಿ ಅಪ್ಪನ ಹತ್ತಿರ ನಾನು ಕೂತಿರುತ್ತೇನೆ, ನಾಳೆ ನೀವು ಕೂರಬೇಕು.